ಫಾಲ್ ಹಾಕೋಕೆ ಅಲ್ಲ ಅವಳು ಫ್ಯಾಷನ್ ಓದಿದ್ದು

ಮನೆಯಲ್ಲಿ ಹುಡುಗಿ ಫ್ಯಾಷನ್ ಡಿಸೈನ್ ಓದ್ತಿದ್ದಾಳೆ ಅಂತ ಗೊತ್ತಾದರೆ ನೆಂಟರಿಷ್ಟರಿಂದ ಬರುವ ಪ್ರಶ್ನೆಗಳು ಎರಡೇ. ಒಂದು, 'ಯಾವ ಹೀರೋಯಿನ್‌ಗೆ ಡ್ರೆಸ್ ಮಾಡ್ತಾಳೆ?' ಇನ್ನೊಂದು, 'ನನ್ನ ಸೀರೆಗೆ ಸ್ವಲ್ಪ ಫಾಲ್ ಹಾಕಿಕೊಡ್ತಾಳಾ?' ನನ್ನ ತಂಗಿ ನಾಲ್ಕು ವರ್ಷ ಈ ಎರಡಕ್ಕೂ ನಗ್ತಾನೇ ಉತ್ತರ ಕೊಟ್ಟಳು. ಫಾಲ್ ಹಾಕಿಯೂ ಕೊಟ್ಟಳು, ಆ ಮಾತು ಬೇರೆ.

ಅಪ್ಪನ ಪ್ರಶ್ನೆ ಮಾತ್ರ ಬೇರೆ ಥರ ಇತ್ತು. ನಮ್ಮೂರು ದಾವಣಗೆರೆ. ಒಂದು ಕಾಲಕ್ಕೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡ ಊರು. ಅಜ್ಜ ಅಲ್ಲಿನ ಒಂದು ಹತ್ತಿ ಮಿಲ್‌ನಲ್ಲಿ ನೂಲುವ ವಿಭಾಗದಲ್ಲಿದ್ದರು. ಮಿಲ್ ಬಾಗಿಲು ಹಾಕಿದಾಗ ಅಪ್ಪ ಪಿಯುಸಿ. ಆಮೇಲಿನ ಕೆಲವು ವರ್ಷ ಮನೆಯಲ್ಲಿ ಹೇಗೆ ನಡೀತು ಅನ್ನೋದನ್ನ ಅವರು ಪೂರ್ತಿಯಾಗಿ ಹೇಳಿದ್ದೇ ಇಲ್ಲ. ಒಂದು ವಾಕ್ಯ ಮಾತ್ರ ಆಗಾಗ ಹೇಳ್ತಿದ್ದರು: "ಬಟ್ಟೆ ನಂಬಿದ್ರೆ ಹೊಟ್ಟೆ ತುಂಬಲ್ಲ." ಅದಕ್ಕೇ ನಾನು ಎಂಜಿನಿಯರಿಂಗ್‌ಗೆ ಹೋಗಿದ್ದು, ಅದಕ್ಕೇ ತಂಗಿಯೂ ಹೋಗಬೇಕು ಅಂತ ಅವರ ಆಸೆ. ಸೈನ್ಸ್ ತಗೊಂಡು ಒಳ್ಳೇ ಮಾರ್ಕ್ಸ್ ತೆಗೆದ ಮಗಳು ತಿರುಗಿ ಬಟ್ಟೆ ಕಡೆಗೇ ಹೊರಟಾಗ, ಅಪ್ಪನಿಗೆ ಬಂದದ್ದು ಸಿಟ್ಟಿಗಿಂತ ಹೆಚ್ಚಾಗಿ ಭಯ.

ಅವಳು ಮೊದಲು ಪ್ರಯತ್ನಿಸಿದ್ದು ನಿಫ್ಟ್‌ಗೆ. 1986ರಲ್ಲಿ ದೆಹಲಿಯಲ್ಲಿ ಶುರುವಾದ ಈ ಸಂಸ್ಥೆ ಬೆಂಗಳೂರಿಗೆ ಬಂದದ್ದು 1997ರಲ್ಲಿ. ಡಿಸೈನ್ ಕೋರ್ಸ್‌ಗೆ ಚೆನ್ನಾಗಿ ಚಿತ್ರ ಬರೆದರೆ ಸಾಲದು. ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ ಇದೆ, ಕ್ರಿಯೇಟಿವ್ ಎಬಿಲಿಟಿ ಟೆಸ್ಟ್ ಇದೆ, ಕೊಟ್ಟ ಸಾಮಾನುಗಳಲ್ಲೇ ಒಂದು ಮಾದರಿ ಕಟ್ಟಿ ತೋರಿಸುವ ಸಿಚುಯೇಷನ್ ಟೆಸ್ಟ್ ಇದೆ. ಬೆಂಗಳೂರಿನ ಸೀಟು ಅವಳಿಗೆ ಸಿಗಲಿಲ್ಲ. ಇಲ್ಲಿನದೇ ಒಂದು ಖಾಸಗಿ ಕಾಲೇಜಿಗೆ ಸೇರಿದಳು. ಫೀಸು ಅರ್ಧ ಅಪ್ಪನದು, ಅರ್ಧ ನನ್ನದು. ವಾಸ ನನ್ನ ಜೊತೆ, ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ. ಹಾಗಾಗಿ ಅವಳ ನಾಲ್ಕು ವರ್ಷದ ಓದನ್ನ ನಾನು ನೆಲದ ಮೇಲೆ ಬಿದ್ದ ದಾರ, ಗುಂಡುಸೂಜಿಗಳ ನಡುವೆ ಕಾಲಿಟ್ಟುಕೊಂಡೇ ನೋಡಿದೆ.

ಅವಳ ಗೋಡೆ ಮೇಲೆ ಹೀರೋಯಿನ್‌ಗಳ ಫೋಟೋ ಇರಲಿಲ್ಲ. ಕಮಲಾದೇವಿ ಚಟ್ಟೋಪಾಧ್ಯಾಯರ ಒಂದು ಕಪ್ಪು-ಬಿಳುಪು ಫೋಟೋ ಇತ್ತು. 1903ರಲ್ಲಿ ಮಂಗಳೂರಲ್ಲಿ ಹುಟ್ಟಿ, 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದವರು. "ಇವರು ಊರೂರು ತಿರುಗದೇ ಇದ್ದಿದ್ರೆ ನಮ್ಮ ಸಿಲಬಸ್‌ನಲ್ಲಿ ಅರ್ಧ ಪಾಠನೇ ಇರ್ತಿರಲಿಲ್ಲ ಅಣ್ಣ" ಅಂತಿದ್ದಳು. ಪಕ್ಕದಲ್ಲಿ ಒಂದು ಚೀಟಿ: 'ಚಿಕ್ಕಪೇಟೆ, ಶನಿವಾರ, ಬೆಳಿಗ್ಗೆ ಬೇಗ.'

ಮೊದಲ ವರ್ಷದ ಪ್ರಾಜೆಕ್ಟ್ ಬಟ್ಟೆಯೇ ಇಲ್ಲದೆ ಉಡುಪು ಮಾಡೋದು. ಅವಳು ಆರಿಸಿಕೊಂಡದ್ದು ಖಾಲಿ ಮಾತ್ರೆ ಸ್ಟ್ರಿಪ್. ಅಪ್ಪನ ಬಿಪಿ ಮಾತ್ರೆ, ಅಜ್ಜಿಯ ಮಂಡಿನೋವಿನ ಮಾತ್ರೆ, ಪಕ್ಕದ ಮನೆ ಆಂಟಿಯ ಶುಗರ್ ಮಾತ್ರೆ, ಎಲ್ಲರೂ ಎರಡು ತಿಂಗಳು ಸ್ಟ್ರಿಪ್ ಕೂಡಿಟ್ಟು ಕೊಟ್ಟರು. ಅಂಚು ಚುಚ್ಚದ ಹಾಗೆ ಮಡಚಿ, ರಂಧ್ರ ಮಾಡಿ, ಒಂದಕ್ಕೊಂದು ಪೋಣಿಸಿ ತೋಳಿಲ್ಲದ ಕೋಟು ಮಾಡಿದಳು. ಹಾಕಿಕೊಂಡವರು ಕೂರೋಕೂ ಆಗಬೇಕು ಅನ್ನೋದು ಮೇಷ್ಟ್ರ ಷರತ್ತು. ಸೊಂಟದ ಹತ್ತಿರ ಸ್ಟ್ರಿಪ್‌ಗಳನ್ನ ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಜಾರುವಂತೆ ಜೋಡಿಸಿದಳು. ಕೂತರೆ ಸರಿಯುತ್ತೆ, ಎದ್ದರೆ ಮತ್ತೆ ತನ್ನ ಜಾಗಕ್ಕೆ ಬರುತ್ತೆ.

ಆಗ ಶುರುವಾಯ್ತು ನಮ್ಮಿಬ್ಬರ ರಾತ್ರಿ ಮಾತುಕತೆ. ಬಟ್ಟೆ ಚಪ್ಪಟೆ, ಮೈ ದುಂಡು. ಚಪ್ಪಟೆಯಾದದ್ದನ್ನ ದುಂಡಗಿನದರ ಮೇಲೆ ಸುಕ್ಕಿಲ್ಲದೆ ಕೂರಿಸೋದೇ ಪ್ಯಾಟರ್ನ್ ಮೇಕಿಂಗ್. ನಮ್ಮ ಟೈಲರ್‌ಗಳು 'ಟಕ್ಸ್' ಹಿಡಿಯೋದು ಅಂತಾರಲ್ಲ, ಆ ಒಂದು ಮಡಿಕೆಯನ್ನ ಭುಜಕ್ಕೆ ತಿರುಗಿಸಬಹುದು, ಕಂಕುಳಿಗೆ ತಿರುಗಿಸಬಹುದು, ಸೊಂಟಕ್ಕೆ ತರಬಹುದು. ಎಲ್ಲಿಗೆ ಒಯ್ದರೂ ಅದರ ಕೋನ ಎಲ್ಲಾದರೂ ಕೂರಲೇಬೇಕು. ಎಂ ಸೈಜಿನ ಅಂಗಿಯನ್ನ ಎಲ್ಲಾ ಕಡೆ ಅಷ್ಟಷ್ಟೇ ಹಿಗ್ಗಿಸಿದರೆ ಎಕ್ಸೆಲ್ ಆಗಲ್ಲ, ಕತ್ತು ಹಿಗ್ಗುವ ಲೆಕ್ಕವೇ ಬೇರೆ, ಎದೆ ಹಿಗ್ಗುವ ಲೆಕ್ಕವೇ ಬೇರೆ. ದಿನವಿಡೀ ಕೋಡ್ ಬರೆದು ಬಂದು ಇದನ್ನ ಕೇಳ್ತಾ ಕೂತರೆ ನಿದ್ದೆ ಹಾರಿಹೋಗ್ತಿತ್ತು.

ಎರಡನೇ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಭುಜದ ಮೂಳೆ ಮುರೀತು. ವಾಸಿಯಾದ ಮೇಲೂ ಕೈ ಮೇಲೆತ್ತೋಕೆ ಆಗ್ತಿರಲಿಲ್ಲ. ಕುಪ್ಪಸದ ತೋಳಿಗೆ ಕೈ ತೂರಿಸಬೇಕಾದರೆ ಅಮ್ಮನೇ ಬರಬೇಕು. ಯಾವಾಗಲೂ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಅಂತಿದ್ದ ಅಜ್ಜಿ ನೈಟಿಗೆ ಇಳಿದರು, ಜನ ಬಂದರೆ ಒಳಗಿನ ಕೋಣೆಯಲ್ಲೇ ಉಳಿಯತೊಡಗಿದರು. ತಂಗಿ ಆ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆ ಇದನ್ನೇ ತಗೊಂಡಳು. ಖಣದ ಕುಪ್ಪಸದ ಭುಜದಿಂದ ತೋಳಿನ ಅಂಚಿನವರೆಗೂ ಹೊಲಿಗೆ ಬಿಚ್ಚಿ, ಒಳಗೆ ಪಟ್ಟಿ ಕೊಟ್ಟು, ಟಿಚ್ ಬಟನ್ ಇಟ್ಟಳು. ಮೇಲಿಂದ ನೋಡಿದರೆ ಮಾಮೂಲಿ ಕುಪ್ಪಸ. ಕೈ ಎತ್ತೋದೇ ಬೇಡ, ಹೊದ್ದುಕೊಂಡು ಒತ್ತಿದರೆ ಸಾಕು. ಆದರೆ ಮೊದಲನೆಯದರಲ್ಲಿ ಬಟನ್ ಒತ್ತೋಕೆ ಅಜ್ಜಿಯ ಬೆರಳಿಗೆ ಶಕ್ತಿ ಸಾಲಲಿಲ್ಲ. ಎರಡನೆಯದರಲ್ಲಿ ಬಟನ್ ಭುಜದ ಮೂಳೆ ಮೇಲೇ ಬಂದು ಒತ್ತಿದರೆ ನೋವು. ಮೂರನೆಯದು ಸರಿಹೋಯ್ತು. ಅಜ್ಜಿ ಹೇಳಿದ್ದು ಇಷ್ಟೇ: "ಇನ್ನು ಯಾರನ್ನೂ ಕರೀಬೇಕಿಲ್ಲ ಬಿಡು." ಆ ಭಾನುವಾರ ಅಜ್ಜಿ ಜಗಲಿ ಮೇಲೆ ಬಂದು ಕೂತರು. ಅಪ್ಪ ಏನೂ ಮಾತಾಡಲಿಲ್ಲ, ಆದರೆ ಮುಂದಿನ ಫೀಸನ್ನ ಕೊನೇ ದಿನಾಂಕಕ್ಕೆ ಮೊದಲೇ ಕಟ್ಟಿದರು.

ಮೂರನೇ ವರ್ಷ ಇಂಟರ್ನ್‌ಶಿಪ್ ಒಂದು ಗಾರ್ಮೆಂಟ್ಸ್‌ನಲ್ಲಿ. ಬೆಳಿಗ್ಗೆ ಪೀಣ್ಯ, ಮೈಸೂರು ರಸ್ತೆ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಗೊತ್ತಿರುತ್ತೆ, ಊಟದ ಬ್ಯಾಗ್ ಹಿಡಿದ ಹೆಣ್ಣುಮಕ್ಕಳಿಂದಲೇ ಬಸ್ ತುಂಬಿರುತ್ತೆ. ಫ್ಯಾಷನ್ ಇಂಡಸ್ಟ್ರಿ ಅಂದರೆ ಮೊದಲು ಅವರು, ರ‍್ಯಾಂಪ್ ಆಮೇಲೆ. ಅಲ್ಲಿ ಒಂದು ಕಾಲರ್ ಕೂರಿಸೋಕೆ, ಒಂದು ಜೇಬು ಹೊಲಿಯೋಕೆ ಇಷ್ಟೇ ನಿಮಿಷ ಅಂತ ನಿಗದಿ. ಅದನ್ನ 'ಸ್ಯಾಮ್' ಅಂತಾರೆ. ಆ ನಿಮಿಷಗಳನ್ನ ಕೂಡಿದರೆ ಒಂದು ಶರ್ಟಿನ ಕೂಲಿ. ಅವಳ ಕೆಲಸ ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳೋದು. "ನಾನು ಡ್ರಾಯಿಂಗ್‌ನಲ್ಲಿ ಒಂದು ಚಂದದ ಮಡಿಕೆ ಸೇರಿಸಿದ್ರೆ, ಇಲ್ಲಿ ಯಾರೋ ಒಬ್ಬರು ನೀರು ಕುಡಿಯೋಕೂ ಏಳಲ್ಲ" ಅಂದಳು ಒಂದು ರಾತ್ರಿ. ಅದೇ ಸೆಮಿಸ್ಟರ್ ಅವರಿಗೆ ರಾಣಾ ಪ್ಲಾಜಾ ಪಾಠವಿತ್ತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರದ ಸಾವರ್‌ನಲ್ಲಿ ಗಾರ್ಮೆಂಟ್ಸ್ ಘಟಕಗಳಿದ್ದ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಆರ್ಡರ್ ಮುಗಿಸಬೇಕು ಅಂತ ಕೆಲಸಕ್ಕೆ ಕರೆದಿದ್ದರು. ಎರಡು ವಾರ ತಂಗಿ ಸ್ಕೆಚ್ ಪುಸ್ತಕ ತೆರೆಯಲಿಲ್ಲ. ಬಿಟ್ಟುಬಿಡ್ತಾಳೇನೋ ಅಂದುಕೊಂಡೆವು. ಬಿಡಲಿಲ್ಲ. ಕೊನೇ ವರ್ಷದ ಕಲೆಕ್ಷನ್‌ಗೆ ಇಳಕಲ್‌ಗೆ ಹೋಗ್ತೀನಿ ಅಂದಳು. ನೇಯುವವರನ್ನೂ ಹೊಲಿಯುವವರನ್ನೂ ಹೆಸರು ಹಿಡಿದು ಕರೆಯುವಷ್ಟು ಗೊತ್ತಿರಬೇಕು, ಅಂಥ ಐದು ಉಡುಪು ಸಾಕು ಅಂತ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ವಿಶೇಷ ಇರೋದು ಸೆರಗು ಸೇರುವ ಜಾಗದಲ್ಲಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಾಮಾನ್ಯವಾಗಿ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದರೊಳಗೊಂದು ಸೇರಿಸಿ, ಆಮೇಲೆ ನೇಯ್ತಾರೆ. ಈ ಸೆರಗಿಗೆ ತೋಪ್ ತೆನಿ ಅಂತ ಹೆಸರು. ಒಂದೊಂದು ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು. ತಂಗಿಗೆ ಆ ಕೊಂಡಿಯ ಗೆರೆ ಜಾಕೆಟ್ಟಿನ ಬೆನ್ನ ಮೇಲೆ, ಭುಜದಿಂದ ಭುಜಕ್ಕೆ ಕಾಣಬೇಕಿತ್ತು. ತನ್ನ ಪ್ಯಾಟರ್ನ್ ಕಾಗದ ಹಾಸಿ, ಸೆರಗು ಇಷ್ಟು ಉದ್ದ ಬೇಕು, ಪನ್ನ ಇಷ್ಟು ಬೇಕು ಅಂತ ವಿವರಿಸಿದಳಂತೆ. ಕುಣಿಮಗ್ಗದಲ್ಲಿ ಕೂತಿದ್ದ ಹಿರಿಯರು ಲಾಳಿ ಬದಿಗಿಟ್ಟು ಎಲ್ಲಾ ಕೇಳಿ, "ಯವ್ವಾ, ನೀ ನಿನ್ನ ಅಂಗಿ ಅಳತಿ ಹೇಳಾಕತ್ತಿ. ಮೊದಲ ಮಗ್ಗದ ಅಳತಿ ಕೇಳು" ಅಂದರು.

ವಾಪಸ್ ಬಂದು ಪ್ಯಾಟರ್ನ್ ಹರಿದುಹಾಕಿದಳು. ಸೀರೆಯ ಪನ್ನ ಎಷ್ಟಿದೆಯೋ ಅಷ್ಟರಲ್ಲೇ, ಸೆರಗು ಎಷ್ಟಿದೆಯೋ ಅಷ್ಟರಲ್ಲೇ ಜಾಕೆಟ್ ಆಗಬೇಕು, ತುಂಡು ಬಟ್ಟೆಯೂ ಉಳಿಯಬಾರದು ಅಂತ ಹೊಸದಾಗಿ ಶುರುಮಾಡಿದಳು. ಅಗ್ಗದ ಕೋರಾ ಬಟ್ಟೆಯಲ್ಲಿ ನಾಲ್ಕು ಸಲ ಹೊಲಿದು ಬಿಚ್ಚಿದಳು. ಅಂಚು ಕತ್ತರಿಸದೆ ಅದನ್ನೇ ಮುಂಭಾಗದ ಪಟ್ಟಿ ಮಾಡಿದಳು. ಬೆನ್ನಿಗೆ ಧಾರವಾಡದಲ್ಲಿ ಕಸೂತಿ ಹಾಕಿಸಿದಳು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆ. ಅಚ್ಚು ಹಾಕದೆ ಎಳೆ ಎಣಿಸಿಯೇ ಹಾಕೋದು, ಗಂಟು ಹಾಕೋ ಹಾಗಿಲ್ಲ. ಗವಂತಿಯಲ್ಲಂತೂ ಒಳಗೂ ಹೊರಗೂ ಒಂದೇ ಥರ ಕಾಣುತ್ತೆ. ಒಂದು ಬೆನ್ನಿಗೆ ಹನ್ನೊಂದು ದಿನ ಹಿಡೀತು. ಡಿಜಿಟಲ್ ಪ್ರಿಂಟ್ ಮಾಡಿಸು, ರ‍್ಯಾಂಪ್ ಮೇಲೆ ಯಾರಿಗೂ ಗೊತ್ತಾಗಲ್ಲ ಅಂತ ಗೆಳತಿಯರು ಹೇಳಿದ್ದರು. "ಹಾಕ್ಕೊಂಡೋರಿಗೆ ಗೊತ್ತಾಗುತ್ತೆ" ಅಂದ ಅವಳು ಜಾಕೆಟ್ಟಿಗೆ ಲೈನಿಂಗನ್ನೇ ಕೊಡಲಿಲ್ಲ, ಒಳಗಿನ ಕೆಲಸವೂ ಕಾಣಲಿ ಅಂತ.

ಪ್ರದರ್ಶನದ ದಿನ ಉಡುಪುಗಳ ಪಕ್ಕದ ಬೋರ್ಡಿನಲ್ಲಿ ನೇಯ್ದವರ ಹೆಸರು, ಕಸೂತಿ ಹಾಕಿದ ಮೂವರ ಹೆಸರು, ಕೊನೆಗೆ ಅವಳ ಹೆಸರು ಇತ್ತು. ಜ್ಯೂರಿಯಲ್ಲಿದ್ದವರೊಬ್ಬರು ಕೇಳಿದರು: "ಎಲ್ಲಾ ಅವರೇ ಮಾಡಿದ್ರೆ ನೀನೇನು ಮಾಡ್ದೆ?"

"ಅಳತೆ ನಂದು ಸರ್. ಎಲ್ಲಿ ಕತ್ತರಿ ಇಡಬಾರದು ಅನ್ನೋ ತೀರ್ಮಾನವೂ ನಂದೇ."

ಅವಳಿಗೆ ಬಹುಮಾನ ಬರಲಿಲ್ಲ. ಅಪ್ಪ ಮಾತ್ರ ಎಲ್ಲರೂ ಹೋದ ಮೇಲೂ ಜಾಕೆಟ್ ಮುಂದೆ ನಿಂತಿದ್ದರು. ಅಂಚನ್ನ ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ, "ಇದು ಎಷ್ಟನೇ ನಂಬರ್ ನೂಲು?" ಅಂದರು. ಅವಳು ಹೇಳಿದಳು. "ನಿಮ್ಮಜ್ಜ ಮುಟ್ಟೇ ಹೇಳ್ತಿದ್ದ" ಅಂದರು ಅಪ್ಪ. ಅಜ್ಜನ ಕೆಲಸದ ಬಗ್ಗೆ, ಮಿಲ್ ಮುಚ್ಚಿದ ವಿಷಯ ಬಿಟ್ಟು ಬೇರೆ ಏನನ್ನಾದರೂ ಅವರು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು.

ಅಷ್ಟಕ್ಕೆ ಎಲ್ಲಾ ಸುಖಾಂತ ಅಂತೇನಿಲ್ಲ. ಆ ಜಾಕೆಟ್ಟಿಗೆ ಸೀರೆ, ಕಸೂತಿ ಕೂಲಿ, ಓಡಾಟ ಸೇರಿ ₹8,900 ಬಿತ್ತು, ಅವಳ ಕೂಲಿ ಬಿಟ್ಟು. ನೋಡೋಕೆ ಅಂಥದ್ದೇ ಪ್ರಿಂಟೆಡ್ ಜಾಕೆಟ್ ಫೋನಿನಲ್ಲಿ ಒಂದೂವರೆ ಸಾವಿರಕ್ಕೆ ಸಿಗುತ್ತೆ. ಬೆಲೆ ಕೇಳಿದವರು ಮೂವರು, ತಗೊಂಡವರು ಒಬ್ಬರು. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಅವತ್ತು ಸ್ಟೇಟಸ್ ಹಾಕುವವರಲ್ಲಿ ಎಷ್ಟು ಜನ ಕೊಳ್ತಾರೆ ಅನ್ನೋದು ಅವಳಿಗೀಗ ಗೊತ್ತು. ಸಬ್ಯಸಾಚಿ ಮುಖರ್ಜಿ 1999ರಲ್ಲಿ ಕೋಲ್ಕತ್ತಾ ನಿಫ್ಟ್‌ನಿಂದ ಹೊರಬಂದು ಎಲ್ಲಿಗೆ ಮುಟ್ಟಿದರು ಅಂತ ಉದಾಹರಣೆ ಕೊಡುವವರಿದ್ದಾರೆ. ಪ್ರತಿ ವರ್ಷ ಓದು ಮುಗಿಸುವ ಉಳಿದ ನೂರಾರು ಮಕ್ಕಳು ಸೇರೋದು ಸ್ಯಾಂಪಲ್ ರೂಮಿಗೆ, ಮರ್ಚಂಡೈಸಿಂಗ್‌ಗೆ, ಕ್ವಾಲಿಟಿ ವಿಭಾಗಕ್ಕೆ. ತಂಗಿಯೂ ಈಗ ಒಂದು ರಫ್ತು ಕಂಪನಿಯ ಸ್ಯಾಂಪಲ್ ರೂಮಿನಲ್ಲಿದ್ದಾಳೆ. ಅವಳ ಸಂಬಳ ನನ್ನ ಮೊದಲ ಸಂಬಳಕ್ಕಿಂತ ಕಡಿಮೆ. ತಿಂಗಳು ತಿಂಗಳು ಉಳಿಸಿ, ಎರಡು ವರ್ಷದಲ್ಲಿ ಇಪ್ಪತ್ತು ಸೀರೆ ನೇಯಿಸುವಷ್ಟು ಕೂಡಿಸಬೇಕು ಅನ್ನೋದು ಅವಳ ಲೆಕ್ಕ. ಈವರೆಗೆ ಆರಕ್ಕೆ ಆಗಿದೆ.

ನಿಮ್ಮ ಮನೆಯಲ್ಲೂ ಹೀಗೊಬ್ಬರು ಓದ್ತಿದ್ದರೆ, ಸಂಬಳ ಎಷ್ಟು ಬರುತ್ತೆ ಅಂತ ಖಂಡಿತ ಕೇಳಿ. ಕೇಳಬೇಕಾದ ಪ್ರಶ್ನೆಯೇ ಅದು. ಅದರ ಜೊತೆಗೆ, ಈ ವಾರ ಏನು ಹೊಲಿದು ಏನು ಬಿಚ್ಚಿದೆ ಅಂತಲೂ ಒಂದು ಮಾತು ಕೇಳಿ ನೋಡಿ. ಅರ್ಧ ಗಂಟೆ ಬಿಡುವು ಮಾಡಿಕೊಂಡೇ ಕೇಳಿ.

ಮುಂದಿನ ತಿಂಗಳು ತಂಗಿ ಮತ್ತೆ ಇಳಕಲ್‌ಗೆ ಹೊರಟಿದ್ದಾಳೆ. ಈ ಸಲ ಎರಡು ಟಿಕೆಟ್ ಬುಕ್ ಮಾಡು ಅಂದಿದ್ದಾರೆ ಅಪ್ಪ. ಅವರಿಗೆ ಮಗ್ಗ ನೋಡಬೇಕಂತೆ.