ತೆರುಯೆಲ್‌ಗೆ ಬಂದಿಳಿದ ದೊಡ್ಡವರು

ಸ್ಪೇನಿನ ಅರಗಾನ್ ಸೀಮೆಯ ತೆರುಯೆಲ್ ಸುಮಾರು 35 ಸಾವಿರ ಜನರ ಊರು. ರಾಜಧಾನಿ ಮ್ಯಾಡ್ರಿಡ್‌ನಿಂದ ಇಲ್ಲಿಗೆ ನೇರ ರೈಲಿಲ್ಲ. ಸುತ್ತಲ ಹಳ್ಳಿಗಳ ಹುಡುಗರು ಒಬ್ಬೊಬ್ಬರಾಗಿ ಪಟ್ಟಣ ಸೇರಿ, ಮನೆಗಳಿಗೆ ಬೀಗ ಬಿದ್ದಿದೆ. ಸರ್ಕಾರ ತಮ್ಮನ್ನು ಮರೆತೇಬಿಟ್ಟಿದೆ ಎಂದು ರೋಸಿಹೋದ ಜನ 1999ರಲ್ಲಿ ‘ತೆರುಯೆಲ್ ಇದೆ!’ ಎಂಬ ಕೂಗೆಬ್ಬಿಸಿದರು. 2019ರಲ್ಲಿ ಅದೇ ಹೆಸರಿನ ಮೇಲೆ ಚುನಾವಣೆಗೆ ನಿಂತು ಸಂಸತ್ತಿನ ಕೆಳಮನೆಗೆ ಒಬ್ಬರನ್ನು ಕಳಿಸಿಯೂಬಿಟ್ಟರು.

ಇಂಥ ಊರಿಗೊಂದು ವಿಮಾನ ನಿಲ್ದಾಣವಿದೆ. ರನ್‌ವೇ 2,800 ಮೀಟರಿಗೂ ಉದ್ದ. ಎಂಥ ಭಾರೀ ವಿಮಾನವೂ ಇಳಿಯಬಹುದು. ಆದರೆ ಟಿಕೆಟ್ ಹಿಡಿದು ಹತ್ತುವವರು ಮಾತ್ರ ಯಾರೂ ಇಲ್ಲ.

ಮಿಲಿಟರಿಯ ಹಳೆಯ ಏರ್‌ಫೀಲ್ಡನ್ನು ದುರಸ್ತಿ ಮಾಡಿ 2013ರಲ್ಲಿ ತೆರೆದ ಈ ಜಾಗಕ್ಕೆ ಪ್ರಯಾಣಿಕರ ಹಂಗು ಮೊದಲಿನಿಂದಲೂ ಬೇಕಿರಲಿಲ್ಲ. ಅದೇ ಕಾಲದಲ್ಲಿ ಸ್ಪೇನಿನ ಬೇರೆ ಊರುಗಳು ವಿಮಾನ ನಿಲ್ದಾಣ ಕಟ್ಟಿಕೊಂಡು ಪಟ್ಟ ಪಾಡು ನೋಡಬೇಕು. ಕಾಸ್ತೆಯೋನ್‌ನ ನಿಲ್ದಾಣಕ್ಕೆ 2011ರಲ್ಲೇ ಉದ್ಘಾಟನೆಯಾಯಿತು. ಮೊದಲ ನಿಯಮಿತ ವಿಮಾನ ಬಂದದ್ದು 2015ರಲ್ಲಿ! ಸಿಯುದಾದ್ ರಿಯಾಲ್‌ನದು 2008ರಲ್ಲಿ ತೆರೆದು ನಾಲ್ಕೇ ವರ್ಷಕ್ಕೆ ಬಾಗಿಲೆಳೆಯಿತು. ತೆರುಯೆಲ್‌ನವರು ಹಾರುವ ವಿಮಾನದ ಆಸೆ ಬಿಟ್ಟು, ನಿಲ್ಲುವ ವಿಮಾನದ ಬಾಡಿಗೆಗೆ ಕೈಹಾಕಿದರು. ಟಾರ್ಮ್ಯಾಕ್ ಏರೋಸೇವ್ ಎಂಬ ಫ್ರೆಂಚ್ ಕಂಪನಿ ಬಂದು ನೆಲೆಯೂರಿತು.

ಈ ವ್ಯಾಪಾರಕ್ಕೆ ಬಂಡವಾಳವೆಂದರೆ ಒಣಹವೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಬಯಲು, ಕಡಿಮೆ ಮಳೆ, ಧಾರಾಳ ಬಿಸಿಲು. ಒಂದೇ ಮಳೆಗಾಲಕ್ಕೆ ಮನೆಯ ಕಬ್ಬಿಣದ ಗೇಟು ಕೆಂಪಾಗುವುದನ್ನು ಕಂಡಿರುವ ಮಂಗಳೂರಿನವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ನಿಂತ ವಿಮಾನವೇನೂ ಸುಮ್ಮನಿರುವುದಿಲ್ಲ; ಅದರ ಉಪಚಾರವೂ ದೊಡ್ಡದೇ. ಹಕ್ಕಿ ಗೂಡು ಕಟ್ಟದಂತೆ, ದೂಳು ನುಗ್ಗದಂತೆ ಎಂಜಿನ್ನಿನ ಬಾಯಿ, ವೇಗ ಅಳೆಯುವ ಕೊಳವೆ, ಸಣ್ಣಪುಟ್ಟ ತೂತುಗಳನ್ನೆಲ್ಲ ಮುಚ್ಚಬೇಕು. ಒಳಗೆ ತೇವ ಹೀರುವ ಚೀಲಗಳನ್ನಿಡಬೇಕು. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗದಿರಲು ಚಕ್ರಗಳನ್ನು ಆಗಾಗ ತಿರುಗಿಸಬೇಕು. ಎಂಜಿನ್ ಬಿಚ್ಚಿ ಬೇರೆ ವಿಮಾನಕ್ಕೆ ಕೊಟ್ಟರೆ, ಗಾಳಿಗೆ ಮೈ ವಾಲದಂತೆ ರೆಕ್ಕೆಗೆ ಆ ತೂಕದ ದಿಮ್ಮಿ ನೇತುಹಾಕುವುದೂ ಉಂಟು.

ಇಲ್ಲಿಗೆ ಬರುವವರ ಕಥೆ ಬಗೆಬಗೆ. 2015ರಲ್ಲಿ ರಷ್ಯಾದ ಟ್ರಾನ್ಸೇರೋ ವಿಮಾನ ಕಂಪನಿ ದಿವಾಳಿಯಾದಾಗ ಅದರ ಜಂಬೋಗಳು ಇಲ್ಲಿ ಅನಾಥವಾಗಿ ನಿಂತವು. 2020ರಲ್ಲಂತೂ ಜಗತ್ತಿನ ನಿಲ್ದಾಣಗಳೆಲ್ಲ ಕೋವಿಡ್‌ಗೆ ಬಿಕೋ ಎನ್ನುತ್ತಿದ್ದರೆ, ಈ ಪ್ರಯಾಣಿಕರಿಲ್ಲದ ನಿಲ್ದಾಣಕ್ಕೆ ಸುಗ್ಗಿ. ನೂರಕ್ಕೂ ಹೆಚ್ಚು ವಿಮಾನಗಳು ಸಾಲುಗಟ್ಟಿದವು. ಲುಫ್ತಾನ್ಸಾ, ಏರ್ ಫ್ರಾನ್ಸ್ ಕಂಪನಿಗಳ ಏರ್‌ಬಸ್ ಎ380ಗಳೂ ಬಂದವು. ಒಂದೊಂದರ ರೆಕ್ಕೆಯ ಹರವು ಸುಮಾರು 80 ಮೀಟರ್, ಎರಡು ಅಂತಸ್ತು, 500ಕ್ಕೂ ಮೀರಿ ಸೀಟು. ಎರಡು ಎಂಜಿನ್ನಿನ ವಿಮಾನಗಳೇ ಅಗ್ಗವಾಗಿ ಅಷ್ಟೇ ದೂರ ಹಾರುವಾಗ ನಾಲ್ಕು ಎಂಜಿನ್ನಿನ ಈ ಹೊಟ್ಟೆಬಾಕನನ್ನು ಸಾಕುವವರು ಯಾರು? ಏರ್ ಫ್ರಾನ್ಸ್ ಕೈತೊಳೆದುಕೊಂಡಿತು. 2021ರಲ್ಲಿ ಏರ್‌ಬಸ್ ತಯಾರಿಕೆಯನ್ನೇ ನಿಲ್ಲಿಸಿತು.

ಆದರೆ ಪ್ರಯಾಣಿಕರು ಎಣಿಕೆಗಿಂತ ಬೇಗ ಮರಳಿದರು, ಹೊಸ ವಿಮಾನಗಳು ಹೇಳಿದ ಹೊತ್ತಿಗೆ ಕೈಸೇರಲಿಲ್ಲ. ಬೇಡವೆಂದು ಬಿಟ್ಟುಹೋದದ್ದನ್ನು ಲುಫ್ತಾನ್ಸಾ ಮತ್ತೆ ಕರೆಯಬೇಕಾಯಿತು. 2022ರ ಡಿಸೆಂಬರ್‌ನಲ್ಲಿ ಮೊದಲ ಎ380 ತೆರುಯೆಲ್ ಬಿಟ್ಟೆದ್ದಿತು. ಮೇಲೇರಿದ ಮೇಲೆ ಚಕ್ರಗಳು ಹೊಟ್ಟೆಯೊಳಕ್ಕೆ ಹೋಗಲಿಲ್ಲ. ಪೈಲಟ್‌ಗಳು ಅವನ್ನು ಹಾಗೇ ಇಳಿಬಿಟ್ಟುಕೊಂಡು ಫ್ರಾಂಕ್‌ಫರ್ಟ್‌ವರೆಗೂ ಹಾರಿದರು. ದೈತ್ಯ ಸುಸೂತ್ರವಾಗಿ ಇಳಿದು ನೇರ ರಿಪೇರಿ ಶೆಡ್ಡಿಗೆ ನಡೆಯಿತು.