ಹಾಡು ಬೇಕು, ಹಾಡಿದವನು ಬೇಡ

ಇದು ಬೇರೆಯವರನ್ನ ಬಯ್ಯೋ ಪೋಸ್ಟ್ ಅಲ್ಲ. ನಮ್ಮನ್ನ, ಅದರಲ್ಲೂ ನನ್ನನ್ನ ನಾನೇ ಕೇಳ್ಕೊಳ್ತಿರೋ ಪ್ರಶ್ನೆ.

2022ರ ಏಪ್ರಿಲ್ 14. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರ ಕೇರಿಯಲ್ಲಿ ಅಂಬೇಡ್ಕರ್ ಜಯಂತಿ. ಪಕ್ಕದ ಮನೆ ಅಕ್ಕನ ಮಗ, ಮಗ್ಗದ ಕೆಲಸಕ್ಕೆ ಹೋಗೋ ಹುಡುಗ, ತಮಟೆ ಹಿಡಿದು ಜೇಡರ ದಾಸಿಮಯ್ಯನ ವಚನ ಹಾಡಿದ. ಮೈ ನೋಡಿ ಗಂಡು ಹೆಣ್ಣು ಅಂತ ಹೆಸರಿಡ್ತೀರಿ, ಒಳಗಿನ ಆತ್ಮಕ್ಕೆ ಆ ಭೇದ ಇಲ್ಲ ಅನ್ನೋ ವಚನ. ದಾಸಿಮಯ್ಯ ನೇಕಾರ, ನಮ್ಮದು ನೇಕಾರರ ತಾಲ್ಲೂಕು. ಕೇರಿಯೆಲ್ಲ ಚಪ್ಪಾಳೆ ಹೊಡೀತು. ನಾನೂ ಹೊಡೆದೆ.

ಎರಡು ತಿಂಗಳಿಗೆ ಗೊತ್ತಾಯ್ತು, ಹುಡುಗ ಇನ್ನೊಬ್ಬ ಹುಡುಗನನ್ನ ಪ್ರೀತಿಸ್ತಾನೆ ಅಂತ. ಮನೆಯವರು ಗಾಳಿ ಸೋಕಿದೆ ಅಂತ ದೇವರು ಹೇಳೋರ ಹತ್ರ ಕರ್ಕೊಂಡು ಹೋದ್ರು. ಬೇವಿನ ಸೊಪ್ಪಲ್ಲಿ ಹೊಡೆಸಿದ್ರು. ನಮ್ಮಜ್ಜಂದಿರನ್ನ ಹೊಸಿಲು ದಾಟೋಕೆ ಬಿಡದ ದೇವರ ಹೆಸರಲ್ಲಿ ನಮ್ಮ ಹುಡುಗನಿಗೆ ನಾವೇ ಹೊಡೆಸಿದ್ವಿ! ಅವನು ರಾತ್ರಿ ನನ್ನ ಹತ್ರ ಬಂದ. ಆಫೀಸಿಂದ ಬಂದು ಸುಸ್ತಾಗಿದೆ, ಇದು ಮನೆ ವಿಷಯ, ಸಂಘ ಏನ್ ಮಾಡುತ್ತಪ್ಪ ಅಂದೆ.

"ಮಾವ, ಅವತ್ತು ಚಪ್ಪಾಳೆ ಹೊಡೆದ್ರಲ್ಲ, ಯಾತಕ್ಕೆ?" ಅಂದ.

ಉತ್ತರ ಇರ್ಲಿಲ್ಲ. ಅವನು ಊರು ಬಿಟ್ಟ.

ಅದಕ್ಕೆ ಕೆಲವೇ ತಿಂಗಳ ಹಿಂದೆ, 2021ರ ನವೆಂಬರ್‌ನಲ್ಲಿ, ಮಂಜಮ್ಮ ಜೋಗತಿಯವರು ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೆ ಸೆರಗಿಂದ ದೃಷ್ಟಿ ತೆಗೆದ ವಿಡಿಯೊವನ್ನ ನಾವೆಲ್ಲ ಗ್ರೂಪಲ್ಲಿ ಹಂಚಿದ್ವಿ. ಅವರ ಆತ್ಮಕಥೆಯ ಹೆಸರು 'ನಡುವೆ ಸುಳಿವ ಹೆಣ್ಣು'. ಅದೂ ಅದೇ ವಚನದ ನೆನಪೇ. ಎಲ್ಲಮ್ಮನ ಪದ ಹಾಡುವಾಗ ಜೋಗತಿಗೆ ಕೈ ಮುಗೀತಾರೆ, ಬಾಡಿಗೆಗೆ ಮನೆ ಕೇಳಿದ್ರೆ ಬಾಗಿಲು ಹಾಕ್ತಾರೆ. ಮಂಜಮ್ಮನವರದು ತಾನು ಯಾರು ಅನ್ನೋ ಪ್ರಶ್ನೆ, ನಮ್ಮ ಹುಡುಗನದು ಯಾರನ್ನ ಪ್ರೀತಿಸೋದು ಅನ್ನೋದು. ಎರಡೂ ಒಂದೇ ಅಲ್ಲ. ಆದ್ರೆ ಬಾಗಿಲು ಹಾಕೋ ಕೈ ಒಂದೇ. ಆ ಕೈಯ ಪರಿಚಯ ನಮಗಿಂತ ಚೆನ್ನಾಗಿ ಯಾರಿಗಿದೆ?

1948ರ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಸಾಂವಿಧಾನಿಕ ನೈತಿಕತೆ ಬಗ್ಗೆ ಮಾತಾಡಿದ್ರು. ಅದು ಹುಟ್ಟಿಂದ ಬರೋದಲ್ಲ, ಬೆಳೆಸ್ಕೋಬೇಕು ಅಂದ್ರು. 2018ರ ಸೆಪ್ಟೆಂಬರ್ 6ರಂದು ವಯಸ್ಕರು ಒಪ್ಪಿ ಕೂಡೋದು 377ನೇ ಕಲಮಿನಡಿ ಅಪರಾಧ ಅಲ್ಲ ಅಂತ ಹೇಳುವಾಗ ಸುಪ್ರೀಂ ಕೋರ್ಟ್ ಅದೇ ನೈತಿಕತೆಯನ್ನ ಎತ್ತಿಹಿಡೀತು. ಕೋರ್ಟಿಗೆ ಅರ್ಥವಾದ ಬಾಬಾಸಾಹೇಬರು ನಮ್ಮ ಕೇರಿಯಲ್ಲಿ ಬರೀ ಫೋಟೊ ಆಗಿ ಉಳಿದ್ರಾ?

ಈ ಸಲದ ಜಯಂತಿಗೆ ಅವನನ್ನ ಕರೀಬೇಕು ಅಂತ ಸಂಘದ ಸಭೇಲಿ ಹೇಳಿದೆ. "ಬರ್ಲಿ, ಆದ್ರೆ ಬೇರೆ ಯಾವುದಾದ್ರೂ ಹಾಡ್ಲಿ" ಅಂದ್ರು. ಅದೇ ಹಾಡಬೇಕು ಅಂದೆ. ಇಬ್ಬರು ಎದ್ದು ಹೋದ್ರು, ಹೋಗ್ಲಿ.

ಅವನಿಗೆ ಫೋನ್ ಮಾಡಿ ಮೊದಲು ಕ್ಷಮೆ ಕೇಳಿದೆ. ಸುಮಾರು ಹೊತ್ತು ಸುಮ್ನಿದ್ದ. ಆಮೇಲೆ, "ಅಮ್ಮ ಮುಂದಿನ ಸಾಲಲ್ಲಿ ಕೂರ್ತಾಳೆ ಅಂದ್ರೆ ಬರ್ತೀನಿ ಮಾವ" ಅಂದ.

ಭಾನುವಾರ ಅಕ್ಕನ ಮನೆಗೆ ಹೋಗ್ತಿದೀನಿ. ಏನ್ ಹೇಳಬೇಕು ಅಂತ ಇನ್ನೂ ಗೊತ್ತಾಗ್ತಿಲ್ಲ. ನಿಮ್ಮ ಕೇರಿಯಲ್ಲಿ ಇಂಥ ಮಾತು ಆಡಿದವರಿದ್ರೆ, ಹೇಗೆ ಶುರು ಮಾಡಿದ್ರಿ ಹೇಳಿ.