ಹಾನಿಯಾಗದವುಗಳ ಎಣಿಕೆ

ತಾಂತ್ರಿಕ ಬರವಣಿಗೆಯ ತರಗತಿಗೆ ಸೇರಿದ ವಿದ್ಯಾರ್ಥಿಯು, ಸಂಶೋಧನೆಯೆಂದರೆ ತನ್ನ ಅಭಿಪ್ರಾಯಕ್ಕೆ ಆಧಾರಗಳನ್ನು ಕಲೆಹಾಕುವುದೆಂದೇ ಮೊದಲು ಭಾವಿಸುತ್ತಾನೆ. ಅಮೆರಿಕದ ‘ಚಾಲೆಂಜರ್’ ಬಾಹ್ಯಾಕಾಶ ನೌಕೆಯ ದುರಂತವನ್ನು ಅಭ್ಯಸಿಸಿದಾಗ ಆ ಭಾವನೆ ಉಳಿಯುವುದಿಲ್ಲ.

1986ರ ಜನವರಿ 28ರಂದು ಆ ನೌಕೆಯು ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಏಳು ಮಂದಿ ಬಲಿಯಾದರು. ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರಿನ ಬಳೆಗಳು ಚಳಿಗೆ ಪೆಡಸಾಗಿ, ಬಿಸಿ ಅನಿಲವನ್ನು ತಡೆಯಲಾರದೆ ಹೋಗಿದ್ದವು. ಹಿಂದಿನ ರಾತ್ರಿಯೇ ಕೆಲವು ಎಂಜಿನಿಯರರು ಹಾರಾಟ ಬೇಡವೆಂದಿದ್ದರು. ಆದರೆ ಬಳೆಗಳಿಗೆ ಹಾನಿಯಾಗಿದ್ದ ಹಾರಾಟಗಳನ್ನಷ್ಟೇ ಹೋಲಿಸಿದ್ದರಿಂದ ಚಳಿಗೂ ಹಾನಿಗೂ ಇರುವ ಸಂಬಂಧ ಕಾಣದೆ ಉಳಿಯಿತು.

ಹಾನಿಯಾಗದ ಹಾರಾಟಗಳನ್ನೂ ತನಿಖಾ ಆಯೋಗವು ಬಳಿಕ ಎಣಿಸಿತು. 66 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಉಷ್ಣತೆಯ 20 ಹಾರಾಟಗಳಲ್ಲಿ 3ಕ್ಕೆ ಮಾತ್ರ ಹಾನಿಯಾಗಿತ್ತು. 63 ಡಿಗ್ರಿ ಅಥವಾ ಅದಕ್ಕೂ ಕಡಿಮೆಯ 4ರಲ್ಲಿ ನಾಲ್ಕಕ್ಕೂ ಹಾನಿಯಾಗಿತ್ತು. ದುರಂತದ ದಿನ ಹವೆಯ ಉಷ್ಣತೆ 36 ಡಿಗ್ರಿಯಷ್ಟೇ ಇದ್ದಿತು.

ಇದನ್ನರಿತ ವಿದ್ಯಾರ್ಥಿಯು ತನ್ನ ಚಿಕ್ಕ ವರದಿಯನ್ನೂ ಬೇರೆ ಕಣ್ಣಿನಿಂದ ನೋಡತೊಡಗುತ್ತಾನೆ. ಯಂತ್ರವೊಂದರ ಬಗೆಗೆ ದೂರಿತ್ತವರನ್ನು ಮಾತ್ರವಲ್ಲದೆ, ದೂರಿಲ್ಲದೆ ಅದನ್ನು ಬಳಸುತ್ತಿರುವವರನ್ನೂ ವಿಚಾರಿಸುತ್ತಾನೆ. ತನ್ನ ಊಹೆಗೆ ಒಗ್ಗದ ಅಂಕಿಯನ್ನು ಅಳಿಸದೆ, ಅದಕ್ಕೆ ಕಾರಣವನ್ನು ಹುಡುಕುತ್ತಾನೆ. ಏನನ್ನು ಬಿಟ್ಟೆ, ಏಕೆ ಬಿಟ್ಟೆ ಎಂಬುದನ್ನೂ ಬರೆದಿಡುತ್ತಾನೆ.

ಪ್ರತಿಯೊಂದು ವಾಕ್ಯವೂ ನಿಜವಾಗಿದ್ದು, ಇಡಿಯ ಬರಹವು ಓದುಗನನ್ನು ದಾರಿ ತಪ್ಪಿಸಬಹುದು. ಓದುವವನು ಬರಹವನ್ನು ನಂಬಿ ಹೆಜ್ಜೆಯಿಡುತ್ತಾನೆ. ಕೆಲವೊಮ್ಮೆ ಪ್ರಾಣವನ್ನೇ ಅದಕ್ಕೆ ಒಪ್ಪಿಸುತ್ತಾನೆ. ಆದುದರಿಂದ ಬರೆದುದಕ್ಕೆ ಮಾತ್ರವಲ್ಲ, ಬಿಟ್ಟುದಕ್ಕೂ ಬರೆಯುವವನೇ ಹೊಣೆ.